ಹಿಗ್ಗಿದರೆ ಹಿಡಿಸದು, ಕುಗ್ಗಿದರೆ ಕಾಣದು

ತಿಪಟೂರು ಸೀಮೆಯಲ್ಲಿ ಕಾಯಿ ಕೊಬ್ಬರಿಯಾಗುವ ಬಗೆಯನ್ನು ಕಂಡವರಿಗೆ ವಿಡಿಯೋ ಫೈಲನ್ನು ಕುಗ್ಗಿಸುವ ವಿದ್ಯೆ ತೀರ ಹೊಸದೆನಿಸಲಾರದು. ಅಟ್ಟಕ್ಕೇರಿದ ಕಾಯಿಯೊಳಗಿನ ನೀರು ತಿಂಗಳುಗಟ್ಟಲೆ ಕಾಲದಲ್ಲಿ ಇಂಗಿಹೋಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟು ಗಟ್ಟಿಯಾಗಿ ಉಂಡೆ ಕೊಬ್ಬರಿಯಾಗುತ್ತದೆ. ಭಾರ ಇಳಿದು ಸಾರ ಉಳಿಯುವುದರಿಂದ ದೂರದ ಊರಿಗೆ ಸಾಗಿಸುವುದು ಸುಲಭ. ಆದರೆ ಆ ಕೊಬ್ಬರಿಯನ್ನು ಮತ್ತೆ ನೀರು ತುಂಬಿದ ಕಾಯಿಯನ್ನಾಗಿ ಮಾಡಲು ಯಾವ ಮಂತ್ರವಾದಿಯಿಂದಲೂ ಆಗದು. ಹೊನ್ನವಳ್ಳಿಯ ತರುಣನೊಬ್ಬ ಈ ಕೊನೆಯ ಮಾತನ್ನು ಮರೆತು, ತುಂಬಿಕೊಳ್ಳಲಾಗದ ನಷ್ಟದ ಅಂಚಿನವರೆಗೆ ಹೋಗಿ ಬಂದ ಕಥೆ ಕೇಳತಕ್ಕದ್ದಾಗಿದೆ.

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವೆಂದರೆ ಊರಿಗೆ ಊರೇ ನೆರೆಯುವುದುಂಟು. ಈ ತರುಣನ ತಾತ ಪ್ರಾಯದ ದಿನಗಳಿಂದಲೂ ಭೀಷ್ಮನ ವೇಷ ಕಟ್ಟಿದವರು. ವಯಸ್ಸು ಎಪ್ಪತ್ತು ದಾಟಿ, ಮಂಡಿ ಮಾತು ಕೇಳದಾದಾಗ, ಇದೇ ಕೊನೆಯ ವೇಷವೆಂದು ಮನೆಯಲ್ಲಿ ಹೇಳಿಬಿಟ್ಟರು. ಮೊಮ್ಮಗ ಬಾಡಿಗೆಗೆ ಕ್ಯಾಮೆರಾ ತಂದು ಇರುಳೆಲ್ಲ ಎಚ್ಚರವಿದ್ದು ನಾಟಕವನ್ನು ಸೆರೆಹಿಡಿದ; ಬೇಕಾದ ದೃಶ್ಯಗಳನ್ನು ಆಯ್ದು ಎರಡೂವರೆ ಗಂಟೆಯ ಚಿತ್ರವಾಗಿ ಕಂಪ್ಯೂಟರಿನಲ್ಲಿ ಜೋಡಿಸಿದ. ಅಲ್ಲಿಗೆ ಕೆಲಸ ಮುಗಿಯಿತೆಂದುಕೊಂಡ. ನಿಜವಾದ ಕುರುಕ್ಷೇತ್ರ ಅಲ್ಲಿಂದಲೇ ಮೊದಲಾಯಿತು.

ಜೋಡಿಸಿದ ಚಿತ್ರವನ್ನು ಒಂದೇ ಫೈಲಾಗಿ ಹೊರತೆಗೆಯುವ ಕೆಲಸಕ್ಕೆ ಎಕ್ಸ್‌ಪೋರ್ಟ್ ಎನ್ನುತ್ತಾರೆ. ತಂತ್ರಾಂಶವೇ ಸೂಚಿಸಿದಂತೆ ಎಕ್ಸ್‌ಪೋರ್ಟ್ ಮಾಡಿದಾಗ 9 ಗಿಗಾಬೈಟಿನ ಫೈಲು ಸಿದ್ಧವಾಯಿತು. ಪೆನ್‌ಡ್ರೈವ್ 16 ಗಿಗಾಬೈಟಿನದು, ಪೂರ್ತಿ ಖಾಲಿ. ಆದರೂ ಅದು ಫೈಲನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ತರುಣ ಸಿಟ್ಟಿಗೆದ್ದು, ಕಂಡ ಅಂಕೆಗಳನ್ನೆಲ್ಲ ಕೆಳಕ್ಕೆಳೆದು 1.1 ಗಿಗಾಬೈಟಿಗೆ ಇಳಿಸಿದ. ಈ ಸಲ ಫೈಲು ಸಲೀಸಾಗಿ ಒಳಗೆ ಹೋಯಿತು. ಮರುದಿನ ಕ್ಯಾಮೆರಾವನ್ನೂ ಕಾರ್ಡನ್ನೂ ಹಿಂದಿರುಗಿಸಬೇಕಾಗಿದ್ದುದರಿಂದ, ಕಾರ್ಡಿನಲ್ಲಿದ್ದ ಮೂಲವನ್ನು ಅಳಿಸಲು ಬೆರಳೆತ್ತಿದ. ಅಷ್ಟರಲ್ಲಿ ಅಜ್ಜಿ ಊಟಕ್ಕೆ ಕೂಗಿದ್ದರಿಂದ ಆ ಕೆಲಸ ಅಲ್ಲಿಗೇ ನಿಂತಿತು.

ಊಟವಾದ ಮೇಲೆ ಮನೆಮಂದಿಯೆಲ್ಲ ಟಿ.ವಿ. ಮುಂದೆ ಕುಳಿತರು. ಹಿಂದಿನ ಪರದೆಯ ಅರಮನೆ ಚೆನ್ನಾಗಿಯೇ ಕಾಣುತ್ತಿತ್ತು. ಭೀಮ ದುರ್ಯೋಧನರು ಗದೆ ಎತ್ತಿದೊಡನೆ ಮಾತ್ರ ಚಿತ್ರವೆಲ್ಲ ಚೌಕಚೌಕವಾಗಿ ಒಡೆಯಿತು. ಭೀಷ್ಮನ ಗಡ್ಡ ಕಲಸಿದ ಸುಣ್ಣದಂತಾಗಿತ್ತು.

“ಇದೇನು ಮಗಾ, ನನ್ನ ಮುಖ ಎಲ್ಲಿ?” ಎಂದರು ತಾತ. ಯಾರೂ ಉತ್ತರ ಹೇಳಲಿಲ್ಲ. ಅವರು ಎದ್ದು ಹೋಗಿ ಜಗಲಿಯ ಮೇಲೆ ಕುಳಿತರು.

ಮರುದಿನ ಬೆಳಿಗ್ಗೆ ತರುಣ ತಿಪಟೂರಿಗೆ ಓಡಿದ. ಅಲ್ಲಿ ಮದುವೆಯ ವಿಡಿಯೋಗಳನ್ನು ಜೋಡಿಸಿ ಪಳಗಿದ ಹಿರಿಯ ಗೆಳೆಯನೊಬ್ಬನಿದ್ದ. ಅವನು ಕೇಳಿದ ಮೊದಲ ಪ್ರಶ್ನೆ, “ಮೂಲ ಇದೆಯೇನಪ್ಪಾ?” ಎಂಬುದು. ಇದೆಯೆಂದು ತಿಳಿದ ಮೇಲೆಯೇ ಅವನು ಕಾಗದ ತೆಗೆದು ಲೆಕ್ಕ ಹೇಳಲು ಕುಳಿತದ್ದು.

ಪೂರ್ಣ ಎಚ್.ಡಿ. ಚಿತ್ರದ ಒಂದೊಂದು ಫ್ರೇಮಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕೆಗಳಿರುತ್ತವೆ. ಚುಕ್ಕೆಗೆ 3 ಬೈಟಿನಂತೆ, ಸೆಕೆಂಡಿಗೆ 25 ಫ್ರೇಮುಗಳನ್ನು ಇದ್ದದ್ದಿದ್ದಂತೆ ಬರೆದಿಟ್ಟರೆ, ಎರಡೂವರೆ ಗಂಟೆಗೆ ಸುಮಾರು 1,400 ಗಿಗಾಬೈಟ್ ಬೇಕು. ಆದ್ದರಿಂದ ಕುಗ್ಗಿಸದೆ ಗತಿಯಿಲ್ಲ. ಕುಗ್ಗಿಸುವ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಅದು ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಬರೆಯುವುದಿಲ್ಲ. ಹಿಂದಿನದಕ್ಕಿಂತ ಬದಲಾದುದನ್ನಷ್ಟೇ ಗುರುತು ಹಾಕಿಕೊಳ್ಳುತ್ತದೆ. ಅಲುಗಾಡದ ಪರದೆಗೆ ಖರ್ಚು ಕಡಿಮೆ. ಬೀಸುವ ಗದೆಗೆ ಹೆಚ್ಚು. ಮಂದ ಬೆಳಕಿನಲ್ಲಿ ತೆಗೆದ ಚಿತ್ರದ ಮೇಲೆ ಮರಳಿನಂತೆ ಕುಣಿಯುವ ಕಣಗಳೂ ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಇರುಳಿನ ನಾಟಕಕ್ಕೆ ಖರ್ಚು ಇನ್ನೂ ಏರುತ್ತದೆ.

ಸೆಕೆಂಡೊಂದಕ್ಕೆ ಮಾಡುವ ಈ ಖರ್ಚೇ ಬಿಟ್‌ರೇಟ್. ಫೈಲಿನ ಗಾತ್ರವನ್ನು ನಿರ್ಧರಿಸುವುದು ಇದು ಮತ್ತು ಚಿತ್ರದ ಅವಧಿ, ಇವೆರಡೇ. ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದರೆ ಗಾತ್ರ ಸಿಕ್ಕಿತು. ಎರಡೂವರೆ ಗಂಟೆಯೆಂದರೆ 9,000 ಸೆಕೆಂಡು. ಸೆಕೆಂಡಿಗೆ 8 ಮೆಗಾಬಿಟ್ಟಿನಂತೆ ಮೊದಲ ಫೈಲು 9 ಗಿಗಾಬೈಟಾಯಿತು. 1 ಮೆಗಾಬಿಟ್ಟಿಗೆ ಇಳಿಸಿದಾಗ ಗಾತ್ರವೂ ಎಂಟರಲ್ಲೊಂದು ಪಾಲಾಯಿತು. ಖಾಲಿ ಪೆನ್‌ಡ್ರೈವ್ ಮುನಿಸಿಕೊಂಡುದರ ಗುಟ್ಟು ಬೇರೆ. ಫ್ಯಾಟ್ 32 ಎಂಬ ಹಳೆಯ ವ್ಯವಸ್ಥೆಯಲ್ಲಿ ಒಂದು ಫೈಲು ಸುಮಾರು 4 ಗಿಗಾಬೈಟನ್ನು ಮೀರುವಂತಿಲ್ಲ. ಎಕ್ಸ್‌ಫ್ಯಾಟ್ ಎಂಬ ಹೊಸ ವ್ಯವಸ್ಥೆಗೆ ಈ ಕಟ್ಟಳೆಯಿಲ್ಲ. ಆದರೆ ಹಳೆಯ ಟಿ.ವಿ.ಗಳಲ್ಲಿ ಹಲವಕ್ಕೆ ಅದು ಅರ್ಥವಾಗದು.

“ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ. ನೀನು ಮಂಡಿಯನ್ನೇ ಮುರಿದುಬಿಟ್ಟೆಯಲ್ಲ!” ಎಂದು ಗೆಳೆಯ ನಕ್ಕ.

ಅವನು ತೋರಿದ ದಾರಿ ಹೀಗಿತ್ತು. ಹಾಸಿಗೆ 4 ಗಿಗಾಬೈಟ್. ಸ್ವಲ್ಪ ಅಂಚು ಬಿಟ್ಟು 3.6 ಎಂದಿಟ್ಟುಕೊಂಡರೆ ಸೆಕೆಂಡಿಗೆ 3.2 ಮೆಗಾಬಿಟ್ ದೊರೆಯುತ್ತದೆ. ಅದರಲ್ಲಿ 0.2 ಧ್ವನಿಗೆ, 3 ಚಿತ್ರಕ್ಕೆ. ಧ್ವನಿಯಲ್ಲಿ ಜಿಪುಣತನ ಕೂಡದು; ಹದಿನಾರರಲ್ಲೊಂದು ಪಾಲಿನಷ್ಟೇ ಖರ್ಚಿನಲ್ಲಿ ಹಾರ್ಮೋನಿಯಮ್ಮೂ ಕಂದಪದ್ಯವೂ ಕೆಡದೆ ಉಳಿಯುತ್ತವೆ. ಇಷ್ಟು ಬಿಟ್‌ರೇಟನ್ನು ಇಪ್ಪತ್ತು ಲಕ್ಷ ಚುಕ್ಕೆಗಳಿಗೆ ಹಂಚಿದರೆ ಯಾವುದಕ್ಕೂ ಸಾಲದು. ಅಳತೆಯನ್ನು 1280ಕ್ಕೆ 720 ಎಂದು ಇಳಿಸಿದರೆ ಚುಕ್ಕೆಗಳು 9,21,600 ಆಗಿ, ಒಂದೊಂದಕ್ಕೂ ಎರಡರಷ್ಟಕ್ಕಿಂತ ಹೆಚ್ಚು ಪಾಲು ಸಿಗುತ್ತದೆ. ದೊಡ್ಡ ಅಳತೆಯ ಹರಕಲು ಚಿತ್ರಕ್ಕಿಂತ ಚಿಕ್ಕ ಅಳತೆಯ ತುಂಬು ಚಿತ್ರವೇ ಕಣ್ಣಿಗೆ ಹಿತ. ಫ್ರೇಮುಗಳ ಸಂಖ್ಯೆಯನ್ನು ಕ್ಯಾಮೆರಾದಲ್ಲಿದ್ದಂತೆಯೇ ಬಿಡಬೇಕು. ‘ಟೂ ಪಾಸ್’ ಎಂಬ ಆಯ್ಕೆಯಿದ್ದರೆ ಅದನ್ನು ಒತ್ತಬೇಕು: ಯಂತ್ರವು ಒಮ್ಮೆ ಚಿತ್ರವನ್ನೆಲ್ಲ ಓದಿಕೊಂಡು, ಎರಡನೆಯ ಸಲ ಶರಶಯ್ಯೆಯಲ್ಲಿ ಉಳಿಸಿದ್ದನ್ನು ಗದಾಯುದ್ಧಕ್ಕೆ ಕೊಡುತ್ತದೆ.

ಗಾತ್ರಕ್ಕೆ ಕಟ್ಟಳೆಯಿಲ್ಲದಿದ್ದಾಗ ಬಿಟ್‌ರೇಟಿನ ಗೊಡವೆಯೇ ಬೇಡ. ಸಿ.ಆರ್.ಎಫ್. ಎಂಬ ಅಂಕೆಯಿಂದ ಗುಣಮಟ್ಟವನ್ನೇ ಗೊತ್ತುಮಾಡಿ, ಗಾತ್ರವನ್ನು ಯಂತ್ರಕ್ಕೆ ಬಿಡಬಹುದು. ಎಚ್.264 ಕೋಡೆಕ್ಕಿಗೆ ಬಳಸುವ ಎಕ್ಸ್264 ತಂತ್ರಾಂಶದಲ್ಲಿ ತಾನಾಗಿಯೇ ಇರುವ ಅಂಕೆ 23. ಅದಕ್ಕಿಂತ ಇಳಿಸಿದರೆ ಚಿತ್ರ ಉತ್ತಮ, ಫೈಲು ದೊಡ್ಡದು. 2003ರಲ್ಲಿ ಬಂದ ಈ ಎಚ್.264ಕ್ಕಿಂತ 2013ರ ಎಚ್.265 ಸುಮಾರು ಅರ್ಧ ಖರ್ಚಿನಲ್ಲಿಯೇ ಅಷ್ಟೇ ಚೆಲುವನ್ನು ಕೊಡಬಲ್ಲದು. ಆದರೆ ಮನೆಯ ಹಳೆಯ ಟಿ.ವಿ. ಅದನ್ನು ಓದದಿದ್ದರೆ ಆ ಉಳಿತಾಯ ಯಾರಿಗಾಗಿ? ನೋಡುವವರು ಯಾರು, ಯಾವುದರಲ್ಲಿ ನೋಡುತ್ತಾರೆ ಎಂಬುದೇ ಮೊದಲ ಪ್ರಶ್ನೆ, ಅಂಕೆಗಳು ಆಮೇಲಿನವು.

ಬೆಂಗಳೂರಿನಲ್ಲಿರುವ ಅತ್ತೆಗೆ ವಾಟ್ಸಾಪಿನಲ್ಲಿ ಕಳುಹಿಸಲು ಶರಶಯ್ಯೆಯ ಹತ್ತು ನಿಮಿಷವನ್ನಷ್ಟೇ ಬೇರೆಯಾಗಿ ತೆಗೆದದ್ದಾಯಿತು. ಅದೇ ಲೆಕ್ಕದಲ್ಲಿ ಅದು 240 ಮೆಗಾಬೈಟ್. ವಿಡಿಯೋ ಎಂದು ಕಳುಹಿಸಿದರೆ ವಾಟ್ಸಾಪ್ ತಾನೂ ಒಮ್ಮೆ ಹಿಂಡುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಇದ್ದಂತೆಯೇ ತಲುಪಿಸುತ್ತದೆ. ಈ ಮೂರೂ ಪ್ರತಿಗಳನ್ನು ಮೂಲದಿಂದಲೇ ತೆಗೆಯಬೇಕು. ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಿದರೆ ಕುಂದು ಕುಂದನ್ನು ಕೂಡಿ ಬೆಳೆಯುತ್ತದೆ. ಒಮ್ಮೆ ಕಳೆದುಹೋದ ವಿವರವನ್ನು ದೊಡ್ಡ ಅಂಕೆ ಕೊಟ್ಟರೂ ಮರಳಿ ತರಲಾಗದು.

ಮೂಲವನ್ನು ಕಳೆದುಕೊಂಡ ದುಃಖ ಕನ್ನಡಿಗರಿಗೆ ಅಪರಿಚಿತವಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ನೋಡಲು ಉಳಿದಿಲ್ಲ. ಅದರಲ್ಲಿ ನಟಿಸಿದ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರಂಥವರ ಹೆಸರು ಉಳಿದಿದೆ. ಅಂದಿನ ಆ ಅಭಿನಯ ಉಳಿದಿಲ್ಲ.

ಅಂದು ಸಂಜೆ ಮತ್ತೆ ಟಿ.ವಿ. ಹಚ್ಚಲಾಯಿತು. ಭೀಷ್ಮನ ಗಡ್ಡದ ಎಳೆ ಎಳೆಯೂ ಎದ್ದು ಕಾಣುತ್ತಿತ್ತು. ಶರಶಯ್ಯೆಯಲ್ಲಿ ಕಣ್ಣು ತುಂಬಿದುದೂ ಕಂಡಿತು. ತಾತ ಕೊನೆಯವರೆಗೂ ಅಲುಗದೆ ನೋಡಿದರು. ಮುಗಿದ ಮೇಲೆ ಮೊಮ್ಮಗ ತಾನು ಅಳಿಸಹೊರಟಿದ್ದ ಸಂಗತಿಯನ್ನು ಒಪ್ಪಿಕೊಂಡು, ಮೂಲವನ್ನೆಲ್ಲ ಎರಡು ಹಾರ್ಡ್‌ಡಿಸ್ಕುಗಳಿಗೆ ಹಾಕಿ ಒಂದನ್ನು ಅತ್ತೆಯ ಮನೆಯಲ್ಲಿ ಇರಿಸುವುದಾಗಿ ಹೇಳಿದ.

“ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಇದನ್ನು ತಿಪಟೂರಿಗೆ ಹೋಗಿ ಕಲಿಯಬೇಕಾಯಿತೇ ಮಗಾ?” ಎಂದರು ತಾತ. “ಮಾರುವುದಕ್ಕೆ ಎಷ್ಟಾದರೂ ಕೊಬ್ಬರಿ ಮಾಡು. ಬಿತ್ತನೆಯ ಕಾಯಿಯನ್ನು ಮಾತ್ರ ಅಟ್ಟಕ್ಕೆ ಹಾಕಬೇಡ.”