ನಂಬಿಕೆ ಇರಲಿ, ತೀರ್ಪು ಪುರಾವೆಯದ್ದಾಗಲಿ

2023ರ ಜುಲೈನಲ್ಲಿ ಚಂದ್ರಯಾನ-3ರ ಉಡಾವಣೆಗೆ ಮುನ್ನ ಇಸ್ರೊ ವಿಜ್ಞಾನಿಗಳು ನೌಕೆಯ ಪುಟ್ಟ ಮಾದರಿಯನ್ನು ತಿರುಪತಿಗೆ ಒಯ್ದು ಪೂಜೆ ಸಲ್ಲಿಸಿದಾಗ ಕರ್ನಾಟಕದ ಹಲವು ಸಾಹಿತಿ, ಚಿಂತಕರು ಖಂಡಿಸಿದರು. ವಿಜ್ಞಾನಿಗಳೇ ಕೈಮುಗಿದ ಮೇಲೆ ಪ್ರಶ್ನಿಸಲು ನೀವು ಯಾರು ಎಂಬ ಮಾತೂ ಬಂತು. ವಿಜ್ಞಾನಿ ಆಸ್ತಿಕನೋ ನಾಸ್ತಿಕನೋ ಎಂಬ ಈ ಜಗಳದಲ್ಲಿ ಮುಖ್ಯ ಪ್ರಶ್ನೆಯೇ ಮರೆಯಾಗುತ್ತದೆ. ಆತನ ಕೆಲಸದಲ್ಲಿ ಕೊನೆಯ ತೀರ್ಪು ಯಾವುದರದು?

ಖಗೋಳಶಾಸ್ತ್ರಜ್ಞ ಕೆಪ್ಲರ್ ಗಾಢ ದೈವಭಕ್ತ. ಐದು ಸುಸಮ ಘನಾಕೃತಿಗಳ ಲೆಕ್ಕದಲ್ಲಿ ದೇವರು ಗ್ರಹಗಳನ್ನು ಜೋಡಿಸಿದ್ದಾನೆಂದು 1596ರಲ್ಲಿ ಬರೆದವನು. ಆದರೆ ಮಂಗಳನ ಕಕ್ಷೆಯ ಬಗೆಗಿನ ತನ್ನ ಲೆಕ್ಕಕ್ಕೂ ಟೈಕೊ ಬ್ರಾಹೆಯ ವೀಕ್ಷಣೆಗೂ ಒಂದು ಡಿಗ್ರಿಯ ಏಳನೇ ಒಂದು ಭಾಗಕ್ಕಿಂತ ಕಡಿಮೆ ವ್ಯತ್ಯಾಸ ಕಂಡಾಗ ಲೆಕ್ಕವನ್ನೇ ಕೈಬಿಟ್ಟ. 1609ರಲ್ಲಿ ದೀರ್ಘವೃತ್ತದ ಕಕ್ಷೆಯನ್ನು ಪ್ರಕಟಿಸಿದ. ರಾಮಾನುಜನ್ ತಮ್ಮ ಗಣಿತವನ್ನು ನಾಮಗಿರಿ ದೇವಿಯ ಕೃಪೆಯೆಂದು ನಂಬಿದ್ದರು. ನಾಸ್ತಿಕ ಗಣಿತಜ್ಞ ಹಾರ್ಡಿ ಅದಕ್ಕೆ ಪುರಾವೆಗಳನ್ನು ಕೇಳಿದರು. 1913ರಲ್ಲಿ ರಾಮಾನುಜನ್ ಹಾರ್ಡಿಗೆ ಕಳಿಸಿದ ಸೂತ್ರಗಳಲ್ಲಿ ಹಲವು ಗಣಿತಲೋಕವನ್ನೇ ಬೆರಗಾಗಿಸಿದವು. ಆದರೆ ಅವಿಭಾಜ್ಯ ಸಂಖ್ಯೆಗಳ ಕುರಿತ ಸೂತ್ರ ತಪ್ಪೆಂದು ಗೊತ್ತಾಯಿತು. ಭಕ್ತಿ ಒಂದೇ ಆಗಿತ್ತು, ಸರಿ-ತಪ್ಪನ್ನು ಬೇರ್ಪಡಿಸಿದ್ದು ಗಣಿತದ ಪರೀಕ್ಷೆ. ಈ ಎಚ್ಚರ ತಪ್ಪಿದರೆ ನ್ಯೂಟನ್ ಕೂಡ ಎಡವುತ್ತಾನೆ. ಗ್ರಹಗಳ ಏರುಪೇರು ಬೆಳೆಯುತ್ತ ಹೋಗಿ ದೇವರೇ ಸರಿಪಡಿಸಬೇಕಾಗುತ್ತದೆಂದು ಆತ ಭಾವಿಸಿದ್ದ. ಗುರು-ಶನಿಗಳ ಏರುಪೇರಿಗೆ ಅವುಗಳ ಪರಸ್ಪರ ಆಕರ್ಷಣೆಯೇ ಕಾರಣವೆಂದು ಗಣಿತಜ್ಞ ಲಾಪ್ಲಾಸ್ ಮುಂದೆ ಲೆಕ್ಕಹಾಕಿ ತೋರಿಸಿದ. ದೇವರನ್ನು ಉತ್ತರವಾಗಿ ಇಟ್ಟಲ್ಲಿ ಹುಡುಕಾಟ ನಿಂತಿತ್ತು.

ಆದ್ದರಿಂದ ನಂಬುವವನು ವಿಜ್ಞಾನಿಯೇ ಅಲ್ಲ ಎಂಬ ವಾದ ಇತಿಹಾಸದೆದುರು ನಿಲ್ಲದು. ಮಹಾನ್ ವಿಜ್ಞಾನಿ ನಂಬಿದ್ದರಿಂದ ನಂಬಿಕೆ ನಿಜವಾಯಿತು ಎಂಬುದೂ ನಿಲ್ಲದು. ಮನಸ್ಸಿನ ಧೈರ್ಯಕ್ಕೆ ಪೂಜೆ ಮಾಡಿದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ವ್ಯಕ್ತಿಯಾಗಿ ಮಾಡಿದರೆ ಏನೂ ಇಲ್ಲ. ಅದು ಸಂವಿಧಾನ ಕೊಟ್ಟ ಹಕ್ಕು. ಆದರೆ ನೌಕೆಯ ಮಾದರಿ ಯಾರ ಸ್ವಂತದ್ದೂ ಅಲ್ಲ, ಎಲ್ಲ ಧರ್ಮದವರ, ಧರ್ಮವೇ ಬೇಡವೆನ್ನುವವರ ತೆರಿಗೆ ಹಣದ ಯೋಜನೆಯ ಗುರುತು. ವೈಜ್ಞಾನಿಕ ಮನೋಭಾವ ಬೆಳೆಸುವುದು 1976ರ ಸಂವಿಧಾನ ತಿದ್ದುಪಡಿಯಂತೆ ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ. ಸಾರ್ವಜನಿಕ ಸಂಸ್ಥೆ ಅದನ್ನು ಮೊದಲು ಪಾಲಿಸಬೇಕು.

ಕೊನೆಯ ತೀರ್ಪು ಪುರಾವೆಯದ್ದೆಂದೇ ಇಸ್ರೊದ ಅನುಭವವೂ ಹೇಳುತ್ತದೆ. 2019ರಲ್ಲಿ ಚಂದ್ರಯಾನ-2ಕ್ಕೆ ಮುನ್ನವೂ ತಿರುಪತಿ ದರ್ಶನವಾಗಿತ್ತು. ಆದರೂ ಅದರ ಲ್ಯಾಂಡರ್ ವಿಕ್ರಮ್ ಚಂದ್ರನ ನೆಲಕ್ಕೆ ಅಪ್ಪಳಿಸಿತು. ಬಳಿಕ ವಿಜ್ಞಾನಿಗಳು ದೋಷಗಳನ್ನು ಹುಡುಕಿದರು, ಕಾಲುಗಳನ್ನು ಬಲಪಡಿಸಿದರು, ಇಂಧನ ಹೆಚ್ಚಿಸಿದರು, ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದ ಯಶಸ್ಸು ಆ ದುಡಿಮೆಯದು. ವಿಜ್ಞಾನಿಗಳು ಬೇಕಾದ ದೇವರಿಗೆ ಕೈಮುಗಿಯಲಿ. ದೇಶದ ನೌಕೆಯನ್ನು ಮಾತ್ರ ಗುಡಿಗೆ ಒಯ್ಯದಿರಲಿ. ಆ ಗೆಲುವು ಯಾವ ದುಡಿಮೆಯಿಂದ ಬಂತೆಂಬುದು ನಮ್ಮ ಮಕ್ಕಳಿಗೆ ಸ್ಪಷ್ಟವಾಗಿ ತಿಳಿಯಬೇಕು.