ಮೊದಲು ಸುಳ್ಳು ಮೋಟಾರು ಓಡಿಸಿ ನೋಡಿ

ಸ್ಟಾರ್ಟರ್ ಡಬ್ಬಿ ಬಗ್ಗೆ ಬರೆದಾಗಿನಿಂದ ಸುಮಾರು ಜನ ಕೇಳ್ತಿರೋದು ಒಂದೇ ಪ್ರಶ್ನೆ. "ಅಣ್ಣಾ, ಮೋಟಾರು, ವಾಲ್ವು, ಮನೆ ಲೈಟು ಎಲ್ಲಾ ಒಂದೇ ಕಡೆಯಿಂದ ನೋಡ್ಕೊಳ್ಳೋ ಹೋಮ್ ಆಟೊಮೇಷನ್ ಸಾಫ್ಟ್‌ವೇರ್ ಐತಂತಲ್ಲ, ಯಾವ ಕಿಟ್ ತಗಳ್ಳಿ?" ಸದ್ಯಕ್ಕೆ ಯಾವ ಕಿಟ್ಟನ್ನೂ ತಗೋಬೇಡಿ ಅನ್ನೋದೇ ನನ್ನ ಉತ್ತರ. ಮನೇಲಿ ಮೂಲೆ ಸೇರಿರೋ ಲ್ಯಾಪ್‌ಟಾಪ್ ಇದ್ರೆ ಧೂಳು ಒರೆಸಿ ಹೊರಗೆ ತೆಗೀರಿ. ಅದರಲ್ಲಿ ಡೆಮೋ ಹಾಕ್ಕೊಂಡು ಒಂದು ಹದಿನೈದು ದಿನ ಸುಳ್ಳು ಮೋಟಾರು ಓಡಿಸಿ. ಅಲ್ಲೀವರೆಗೂ ಒಂದು ವೈರನ್ನೂ ಮುಟ್ಟಬೇಡಿ.

ಹೊಸ ತಳಿ ಬಂತು ಅಂತ ನಾವೇನು ನಾಲ್ಕೆಕರೆಗೂ ಒಂದೇ ಸಲ ಬಿತ್ತುತ್ತೀವಾ? ಬದುವಿನ ಪಕ್ಕ ಐದು ಗುಂಟೆ ಹಾಕಿ ನೋಡ್ತೀವಿ. ಮಷೀನು ಅಂದ ತಕ್ಷಣ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತೋ ಗೊತ್ತಿಲ್ಲ, ನೇರವಾಗಿ ದುಡ್ಡು ಕೊಟ್ಟು ಬೋರಿಗೇ ಕಟ್ಟಿಬಿಡ್ತೀವಿ.

ಸಾಫ್ಟ್‌ವೇರ್ ವಿಚಾರ ಮೊದಲು. ದುಡ್ಡಿಲ್ಲದೆ ಸಿಗೋವು, ಮೂಲ ಕೋಡ್ ಎಲ್ಲರಿಗೂ ತೆರೆದಿರೋವು ಎರಡು ದೊಡ್ಡವು ಇದಾವೆ. ಒಂದು ಓಪನ್‌ಹ್ಯಾಬ್, 2010ರಲ್ಲಿ ಜರ್ಮನಿಯ ಕೈ ಕ್ರಾಯ್ಟ್ಸರ್ ಶುರು ಮಾಡಿದ್ದು, ಜಾವಾದಲ್ಲಿ ಬರೆದಿದ್ದು. ಇನ್ನೊಂದು ಹೋಮ್ ಅಸಿಸ್ಟೆಂಟ್, 2013ರಲ್ಲಿ ಪೌಲುಸ್ ಸ್ಕೌಟ್ಸನ್ ಶುರು ಮಾಡಿದ್ದು, ಪೈಥಾನಿನದು. ನಾನು ಬಳಸೋದು ಎರಡನೇದು, ಅದಕ್ಕೇ ಅದರ ಮಾತೇ ಆಡ್ತೀನಿ. ಎರಡರಲ್ಲೂ ನನಗೆ ಹಿಡಿಸಿದ್ದು ಒಂದೇ: ಇವು ನಮ್ಮ ಮನೆಯ ಕಂಪ್ಯೂಟರಿನಲ್ಲೇ ಕೂತು ಕೆಲಸ ಮಾಡ್ತವೆ. ಇಂಟರ್ನೆಟ್ ಹೋದ್ರೂ ಮನೆಯೊಳಗಿನ ಸ್ವಿಚ್ಚು ನಮ್ಮ ಮಾತು ಕೇಳುತ್ತೆ.

ಇದು ಸಣ್ಣ ವಿಷಯ ಅಲ್ಲ. ಅಮೆರಿಕದಲ್ಲಿ ರಿವಾಲ್ವ್ ಅಂತ ಒಂದು ಡಬ್ಬಿ ಮಾರ್ತಿದ್ರು, ಮನೆ ಉಪಕರಣ ಎಲ್ಲಾ ಒಟ್ಟಿಗೆ ಕಟ್ಟೋದು. 2014ರಲ್ಲಿ ನೆಸ್ಟ್ ಅದನ್ನ ಕೊಂಡುಕೊಳ್ತು, 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸ್ತು. ದುಡ್ಡು ಕೊಟ್ಟು ತಗೊಂಡಿದ್ದ ಡಬ್ಬಿ ಅವತ್ತಿಂದ ಬರೀ ಡಬ್ಬಿ. ಅವರದ್ದು ದೀಪ ಆರಿಸೋ ಡಬ್ಬಿ, ಹೋದ್ರೆ ಎದ್ದು ಹೋಗಿ ಸ್ವಿಚ್ ಒತ್ತಿದ್ರೆ ಆಯ್ತು. ನಮ್ಮದು ಅಡಿಕೆ ಗಿಡಕ್ಕೆ ನೀರು ಬಿಡೋ ಡಬ್ಬಿ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಯಾರದ್ದೋ ಸರ್ವರ್ ನಿಂತಿದ್ದಕ್ಕೆ ತೋಟ ಒಣಗಿಸೋಕಾಗುತ್ತಾ?

ಈಗ ಡೆಮೋ. ಬ್ರೌಸರ್‌ನಲ್ಲೇ ತೆರೆದು ನೋಡೋ ಡೆಮೋ ಒಂದು ಅವರೇ ಇಟ್ಟಿದಾರೆ. ಒಂದು ಸಂಜೆ ಗುಂಡಿ ಒತ್ತಿ ನೋಡೋಕೆ ಸಾಕು, ಕಲಿಯೋಕೆ ಸಾಲದು. ನಿಮ್ಮದೇ ಮಷೀನಿಗೆ ಹಾಕ್ಕೊಳ್ಳಿ. ವಿಂಡೋಸ್ ಉಳಿಸ್ಕೋಬೇಕು ಅಂದ್ರೆ ವರ್ಚುವಲ್‌ಬಾಕ್ಸ್ ಒಳಗೆ ಹಾಕಬಹುದು, ಅದಕ್ಕೆ ಅಂತಲೇ 2 ಜಿಬಿ ರ‍್ಯಾಮ್, 32 ಜಿಬಿ ಜಾಗ ಬಿಡಬೇಕು. ಲ್ಯಾಪ್‌ಟಾಪ್ ಪೂರ್ತಿ ಇದಕ್ಕೇ ಬಿಡ್ತೀನಿ ಅನ್ನೋರು ನೇರವಾಗೇ ಹಾಕಿ, ಆದ್ರೆ ಒಳಗಿದ್ದ ಮದುವೆ ಫೋಟೋ, ಪಹಣಿ ಸ್ಕ್ಯಾನು ಎಲ್ಲಾ ಅಳಿಸಿ ಹೋಗುತ್ತೆ, ಮೊದಲು ಪೆನ್‌ಡ್ರೈವಿಗೆ ತೆಕ್ಕೊಳ್ಳಿ. ಆಮೇಲೆ ಬ್ರೌಸರ್‌ನಲ್ಲಿ ಆ ಮಷೀನಿನ ವಿಳಾಸ ಹೊಡೆದು, ಕೋಲನ್ ಹಾಕಿ 8123 ಅಂದ್ರೆ ಬಾಗಿಲು ತೆರೆಯುತ್ತೆ. ಹೆಸರು, ಪಾಸ್‌ವರ್ಡ್ ಕೇಳುತ್ತೆ, ಮ್ಯಾಪಿನಲ್ಲಿ ಊರು ತೋರಿಸು ಅನ್ನುತ್ತೆ. ಊರು ಸರಿಯಾಗಿ ತೋರಿಸಿ, ಸೂರ್ಯ ಹುಟ್ಟೋ ಮುಳುಗೋ ಹೊತ್ತು ಅದರಿಂದಲೇ ಲೆಕ್ಕ ಹಾಕೋದು.

ಕಾನ್ಫಿಗರೇಷನ್ ಫೈಲಿನ ಕೊನೇಲಿ ಡೆಮೋ ಅಂತ ಇಂಗ್ಲಿಷಲ್ಲಿ ಒಂದು ಪದ, ಪಕ್ಕದಲ್ಲಿ ಕೋಲನ್ ಹಾಕಿ ರೀಸ್ಟಾರ್ಟ್ ಮಾಡಿದ್ರೆ ಸುಳ್ಳು ಸಾಮಾನೆಲ್ಲಾ ಬಂದು ಕೂತ್ಕೊಳ್ತವೆ. ಮಲಗೋ ಕೋಣೆ ದೀಪ, ಅಡಿಗೆಮನೆ ದೀಪ, ಗ್ಯಾರೇಜ್ ಬಾಗಿಲು, ಹೀಟ್ ಪಂಪು. ಹೀಟ್ ಪಂಪ್ ನೋಡಿ ಪಕ್ಕದ ತೋಟದ ಹಿರಿಯರು ಅಂದ್ರು, "ಏನ್ ತಮ್ಮಾ, ಪಂಪ್ ಅಂದ್ರೆ ಇದರಾಗೆ ನೀರೇ ಬರಲ್ವಲ್ಲೋ! ಇದು ಬೆಂಗ್ಳೂರ್ನೋರು ಮಲ್ಕಂಡೇ ಲೈಟ್ ಆರ್ಸಾಕೆ ಮಾಡ್ಕಂಡಿರಾದು." ಅವರ ಮಾತು ಅರ್ಧ ನಿಜ. ಈ ಸಾಮಾನು ನಮ್ಮದಲ್ಲ. ಆದ್ರೆ ಹೆಲ್ಪರ್ಸ್ ಅನ್ನೋ ಜಾಗಕ್ಕೆ ಹೋಗಿ ಟಾಗಲ್ ಅಂತ ಒಂದು ಮಾಡ್ಕೊಂಡು "ಬೋರ್ 1" ಅಂತ ಹೆಸರಿಟ್ಟರೆ ಅದೇ ನಿಮ್ಮ ಸುಳ್ಳು ಮೋಟಾರು. ನಂಬರ್ ಒಂದು ಮಾಡಿ "ತೊಟ್ಟಿ ಮಟ್ಟ" ಅನ್ನಿ. ಇಷ್ಟರಲ್ಲೇ ಬಹಳ ಕಲೀಬಹುದು.

ನಾನು ಹೇಳಬೇಕು ಅಂತಿದ್ದ ಮುಖ್ಯ ವಿಷಯ ಇಲ್ಲಿಂದ. ಆಟೊಮೇಷನ್ ಒಂದು ಬರೀರಿ: ಬೆಳಗ್ಗೆ ಆರಕ್ಕೆ ಬೋರ್ 1 ಆನ್ ಆಗ್ಲಿ, ಎರಡು ತಾಸು ಕಾಯಲಿ, ಆಮೇಲೆ ಆಫ್ ಆಗ್ಲಿ. ಪರೀಕ್ಷೆಗೆ ಎರಡು ತಾಸಿನ ಬದಲು ಐದು ನಿಮಿಷ ಹಾಕ್ಕೊಳ್ಳಿ. ಓಡಿಸಿ ನೋಡಿ, ಗಡಿಯಾರದ ಥರ ನಡೆಯುತ್ತೆ, ಖುಷಿ ಆಗುತ್ತೆ. ಈಗ ಮತ್ತೆ ಓಡಿಸಿ, ಎರಡನೇ ನಿಮಿಷಕ್ಕೆ ರೀಸ್ಟಾರ್ಟ್ ಮಾಡಿ. ಎದ್ದು ಬಂದ ಮೇಲೆ ನೋಡಿದ್ರೆ ಬೋರ್ 1 ಆನ್ ಅಂತಲೇ ಇರುತ್ತೆ. ಐದು ನಿಮಿಷ ಆಯ್ತು, ಹತ್ತಾಯ್ತು, ಆಫ್ ಆಗಲ್ಲ. ಕಾಯ್ತಾ ಇದ್ದಿದ್ದನ್ನ ಅದು ಮರೆತುಬಿಟ್ಟಿದೆ! "ಆಫ್ ಮಾಡು" ಅನ್ನೋ ಮಾತು ರೀಸ್ಟಾರ್ಟ್ ಜೊತೆಗೇ ಹೋಯ್ತು.

ಇನ್ನೊಂದು ಸಲ ಮಾಡಿ. ಈ ಸಲ ರೀಸ್ಟಾರ್ಟ್ ಬೇಡ, ಪ್ಲಗ್ಗೇ ಕಿತ್ತುಬಿಡಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದ್ರೆ ಇದಕ್ಕೆ ಇನ್ನೂ ಒಳ್ಳೇದು. ಆಗ ಎದ್ದು ಬಂದಾಗ ಆನ್ ತೋರಿಸಬಹುದು, ಆಫ್ ಕೂಡ ತೋರಿಸಬಹುದು. ಯಾಕಂದ್ರೆ ಟಾಗಲ್‌ನ ಸ್ಥಿತಿಯನ್ನ ಅದು ಆಗಿಂದಾಗ್ಗೆ ಡಿಸ್ಕಿಗೆ ಬರೆಯುತ್ತೆ, ಕ್ಷಣಕ್ಷಣಕ್ಕೂ ಬರೆಯಲ್ಲ. ಕೊನೇ ಸಲ ಏನು ಬರೆದಿತ್ತೋ ಅದನ್ನೇ ತೋರಿಸೋದು.

ಇದನ್ನ ನಮ್ಮ ತೋಟಕ್ಕೆ ಹೊಂದಿಸಿ ನೋಡಿ. ನಿರಂತರ ಜ್ಯೋತಿ ಬಂದ ಮೇಲೆ ಬಹಳ ಊರಲ್ಲಿ ಮನೆ ಲೈನು ಬೇರೆ, ಪಂಪ್‌ಸೆಟ್ಟಿನ ತ್ರೀ-ಫೇಸ್ ಲೈನು ಬೇರೆ. ಕಂಪ್ಯೂಟರ್ ಇರೋದು ಮನೇಲಿ, ಮೋಟಾರು ಇರೋದು ತೋಟದಲ್ಲಿ. ಮನೆ ಲೈನು ಐದು ನಿಮಿಷ ಹೋಗಿ ಬಂತು, ಕಂಪ್ಯೂಟರ್ ಎಲ್ಲಾ ಮರೀತು, ತೋಟದಲ್ಲಿ ಮೋಟಾರು ಓಡ್ತಾನೇ ಇದೆ. ಮೊಬೈಲ್ ನೋಡಿದ್ರೆ ಆಫ್ ಅಂತ ತೋರಿಸ್ತಿದೆ. ಬೋರಲ್ಲಿ ನೀರು ಎರಡು ತಾಸಿಗೆ ಮಾತ್ರ ಇತ್ತು, ಕರೆಂಟ್ ಇರೋದು ಏಳು ತಾಸು. ಉಳಿದಿದ್ದು ಒಣ ಓಟ. ಮೋಟಾರು ಎತ್ತಿಸಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋ ಖರ್ಚು ಎಷ್ಟು ಅಂತ ಈ ಪುಟ ಓದೋರಿಗೆ ನಾನು ಹೇಳಬೇಕಾಗಿಲ್ಲ. ಅದೂ ಬ್ಯಾಸಗೇಲಿ, ಲಾರಿಯೋನು ಸಿಗದ ಹೊತ್ತಲ್ಲಿ.

ಡೆಮೋದಲ್ಲಿ ಇದೇ ಪಾಠ ಪುಕ್ಕಟೆ ಸಿಗುತ್ತೆ. ಸುಳ್ಳು ಮೋಟಾರು ಸುಡಲ್ಲ.

ದಾರಿ ಇಲ್ಲ ಅಂತಲ್ಲ. ಕಂಪ್ಯೂಟರ್ ಶುರುವಾದ ಕೂಡಲೇ ಎಲ್ಲಾ ಮೋಟಾರೂ ಆಫ್ ಆಗ್ಲಿ ಅಂತ ಇನ್ನೊಂದು ಆಟೊಮೇಷನ್ ಬರೀಬಹುದು, ಹೋಮ್ ಅಸಿಸ್ಟೆಂಟ್ ಶುರುವಾಗೋದೇ ಅಲ್ಲಿ ಒಂದು ಟ್ರಿಗರ್ರು. ಟೈಮರ್ ಅನ್ನೋ ಹೆಲ್ಪರಿಗೆ ರೀಸ್ಟಾರ್ಟ್ ಆದ ಮೇಲೂ ಲೆಕ್ಕ ಮುಂದುವರಿಸೋ ಟಿಕ್ ಇದೆ, ಆದ್ರೆ ದಿಢೀರ್ ಅಂತ ಕರೆಂಟ್ ಹೋದ್ರೆ ಅದನ್ನೂ ಪೂರ್ತಿ ನಂಬಿ ಕೂರಬೇಡಿ. ಇದಕ್ಕಿಂತ ಗಟ್ಟಿ ದಾರಿ, ಆಫ್ ಮಾಡೋ ಜವಾಬ್ದಾರಿಯನ್ನ ತೋಟದಲ್ಲಿರೋ ರಿಲೇಗೇ ಕೊಡೋದು. ಟಾಸ್ಮೋಟಾ ಹಾಕಿರೋ ರಿಲೇ ಆದ್ರೆ ಪಲ್ಸ್‌ಟೈಮ್ ಅಂತ ಒಂದು ಆದೇಶ ಇದೆ. ಆನ್ ಆದ ಇಷ್ಟು ಹೊತ್ತಿಗೆ ಯಾರನ್ನೂ ಕೇಳದೆ ಅದು ತಾನೇ ಆಫ್ ಆಗುತ್ತೆ. ಇದೆಲ್ಲದರ ಆಚೆಗೆ ಸ್ಟಾರ್ಟರ್ ಡಬ್ಬಿಯಲ್ಲಿ ಡ್ರೈ-ರನ್ ರಕ್ಷಣೆ, ಪ್ರಿವೆಂಟರ್ ಇರಲೇಬೇಕು. ಸಾಫ್ಟ್‌ವೇರ್ ಬಂತು ಅಂತ ಅವನ್ನ ತೆಗೆಸೋರನ್ನ ನೋಡಿದೀನಿ, ಅದು ಶುದ್ಧ ಹುಚ್ಚು.

ಮೊಬೈಲಲ್ಲಿ ಆನ್ ಅಂತ ತೋರಿಸೋದು ನಾವು ಕೊಟ್ಟ ಆದೇಶವೋ, ಮೋಟಾರಿನ ನಿಜ ಸ್ಥಿತಿಯೋ? ಟಾಗಲ್ ಜೊತೆ ನಾಲ್ಕು ದಿನ ಆಡಿದ್ರೆ ಈ ಪ್ರಶ್ನೆ ತಾನಾಗೇ ಹುಟ್ಟುತ್ತೆ. ಕೇಬಲ್ಲಿನಲ್ಲಿ ಆಂಪಿಯರ್ ಎಳೀತಿದೆಯಾ, ಪೈಪಲ್ಲಿ ನೀರು ಹರೀತಿದೆಯಾ ಅಂತ ಅಳೆಯೋ ಸೆನ್ಸರ್ ಇಲ್ಲದಿದ್ರೆ ಆ ಆನ್‌ಗೆ ಬೆಲೆ ಇಲ್ಲ.

ಕಿಟ್ ಮಾರೋರೂ ಡೆಮೋ ತೋರಿಸ್ತಾರೆ, ಮೇಳದಲ್ಲಿ ನೋಡಿರ್ತೀರಿ. ಮೇಜಿನ ಮೇಲೆ ಬಲ್ಬು, ಪುಟ್ಟ ಪಂಪು, ಬಕೆಟ್ಟು, ಹಿಂದೆ ಯುಪಿಎಸ್ಸು. ಅಲ್ಲಿ ಕರೆಂಟೂ ಹೋಗಲ್ಲ, ವಾಲ್ವಿಗೆ ಪಾಚಿನೂ ಕಟ್ಟಲ್ಲ. ಅವರ ಡೆಮೋ ಇರೋದು ಕೆಲಸ ಮಾಡುತ್ತೆ ಅಂತ ತೋರಿಸೋಕೆ. ನಮಗೆ ಬೇಕಿರೋದು ಯಾವಾಗ ಕೆಲಸ ಮಾಡಲ್ಲ ಅಂತ ತಿಳಿಯೋದು. ಆ ಮೇಜಿನ ಮುಂದೆ ನಿಂತಾಗ ಸಂಕೋಚ ಪಡಬೇಡಿ. ಮೋಟಾರು ಓಡ್ತಿರುವಾಗಲೇ ನಿಮ್ಮ ಡಬ್ಬಿ ಪ್ಲಗ್ ಕೀಳಿ ನೋಡೋಣ ಅನ್ನಿ. ಕಿತ್ತು ತೋರಿಸೋನ ಹತ್ರ ಮಾತು ಮುಂದುವರಿಸಿ. "ಹಂಗೆಲ್ಲಾ ಆಗಲ್ಲ ಸಾರ್" ಅನ್ನೋನ ಹತ್ರ ಪಾಂಪ್ಲೆಟ್ ಇಸ್ಕೊಂಡು ಮುಂದಿನ ಅಂಗಡಿಗೆ ನಡೀರಿ.

ಮನೆಯಿಂದ ಬೋರಿಗೆ ವೈಫೈ ಮುಟ್ಟಲ್ವಲ್ಲ ಅಂತ ಕೇಳ್ತೀರಿ, ಅದು ಬೇರೆಯೇ ಕಥೆ, ಇನ್ನೊಂದು ದಿನ ಬರೀತೀನಿ. ಸದ್ಯಕ್ಕೆ ಲ್ಯಾಪ್‌ಟಾಪು, ಸುಳ್ಳು ಮೋಟಾರು, ಐದು ನಿಮಿಷದ ಆಟೊಮೇಷನ್ನು ಸಾಕು. ಮನೇಲಿ ಓದೋ ಮಕ್ಕಳಿದ್ರೆ ಜೊತೇಲಿ ಕೂರಿಸ್ಕೊಳ್ಳಿ, ಕೋಲನ್ ಎಲ್ಲಿ ಬಿಟ್ಟಿದೀವಿ ಅಂತ ಅವರಿಗೆ ಬೇಗ ಕಾಣುತ್ತೆ.