ಕಾರ್ಖಾನೆಯ ಅನುಭವಿಯಿಂದ ಕಾಲೇಜು ಬಯಸುವುದೇನು?

ಮೈಸೂರು ರಸ್ತೆಯ ಬಾಪೂಜಿ ನಗರದಂಥ ಬಡಾವಣೆಗಳಲ್ಲಿ ಸಣ್ಣ ವರ್ಕ್‌ಷಾಪ್ ನಡೆಸಿ ಅರವತ್ತರ ಹೊಸ್ತಿಲು ತಲುಪಿದ ಉದ್ಯಮಿಗೆ ಎದುರಾಗುವ ಪ್ರಶ್ನೆಯೊಂದಿದೆ. ಮಕ್ಕಳು ಬೇರೆ ಉದ್ಯೋಗ ಹಿಡಿದಿರುತ್ತಾರೆ. ಯಂತ್ರಗಳನ್ನು ಮಾರಿದರೆ ನಾಲ್ಕು ಕಾಸು ಬರಬಹುದು. ಮೂರು ದಶಕಗಳ ಅನುಭವವನ್ನು ಕೊಳ್ಳುವವರು ಯಾರು? ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ಹೊರಡಿಸಿದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿಯಲ್ಲಿ ಇದಕ್ಕೊಂದು ಉತ್ತರವಿದೆ. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷಗಳ ಅನುಭವವುಳ್ಳ ಪರಿಣತರನ್ನು ಕಾಲೇಜುಗಳು ಬೋಧನೆಗೆ ನೇಮಿಸಿಕೊಳ್ಳಬಹುದು. ವೃತ್ತಿಯಲ್ಲಿನ ಸಾಧನೆ ಗಣನೀಯವಾಗಿದ್ದರೆ ಪದವಿಯೇ ಬೇಕೆಂಬ ನಿಯಮವಿಲ್ಲ, ಪಿಎಚ್‌.ಡಿ.ಯ ಪ್ರಶ್ನೆಯಂತೂ ಇಲ್ಲ. ಇಂಥ ಹುದ್ದೆಗಳು ಮಂಜೂರಾದ ಹುದ್ದೆಗಳ ಶೇಕಡಾ 10ನ್ನು ಮೀರುವಂತಿಲ್ಲ. ಈಗಾಗಲೇ ಅಧ್ಯಾಪಕ ವೃತ್ತಿಯಲ್ಲಿರುವವರಿಗೂ ಅದರಿಂದ ನಿವೃತ್ತರಾದವರಿಗೂ ಇದರಲ್ಲಿ ಅವಕಾಶವಿಲ್ಲ.

ಕಾಲೇಜುಗಳೇನೂ ದೂರದಲ್ಲಿಲ್ಲ. 1963ರಲ್ಲಿ ಆರಂಭವಾದ ಆರ್.ವಿ. ಇಂಜಿನಿಯರಿಂಗ್ ಕಾಲೇಜು, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಎರಡೂ ಇದೇ ದಿಕ್ಕಿನಲ್ಲಿವೆ. 2021ರ ಆಗಸ್ಟ್‌ನಿಂದ ಕೆಂಗೇರಿಯವರೆಗೆ ಮೆಟ್ರೊ ಸಹ ಓಡುತ್ತಿದೆ. ಅಡ್ಡಿಯಾಗುವುದು ಅರ್ಜಿ ಬರೆಯುವ ರೀತಿ.

ಉದ್ಯಮಿಯೂ ಒಬ್ಬ ಉದ್ಯೋಗದಾತನೇ ಎಂಬುದನ್ನು ಇಲ್ಲಿ ನೆನೆಯಬೇಕು. ಕೆಲಸ ಕೇಳಿಕೊಂಡು ಬಂದ ಟರ್ನರನ ಪ್ರಮಾಣಪತ್ರವನ್ನು ಆತ ಬಹಳ ಹೊತ್ತು ಓದುವುದಿಲ್ಲ. ಒಂದು ಡ್ರಾಯಿಂಗ್ ಕೊಟ್ಟು, ಮೈಕ್ರೊಮೀಟರನ್ನು ಹೇಗೆ ಹಿಡಿಯುತ್ತಾನೆಂದು ನೋಡುತ್ತಾನೆ. ಆದರೆ ತಾನೇ ಅರ್ಜಿದಾರನಾದಾಗ ಈ ವಿವೇಕ ಮರೆತುಹೋಗುತ್ತದೆ. ವಾರ್ಷಿಕ ವಹಿವಾಟು, ಸಂಘಸಂಸ್ಥೆಗಳಲ್ಲಿ ಅಲಂಕರಿಸಿದ ಸ್ಥಾನಗಳು, ಹಾರ ಹಾಕಿಸಿಕೊಂಡ ಭಾವಚಿತ್ರಗಳು ಅರ್ಜಿಯ ಜೊತೆ ಸೇರುತ್ತವೆ. ಇವು ಸಾಲ ಕೊಡುವ ಬ್ಯಾಂಕಿಗೆ ಉಪಯುಕ್ತವಾಗಬಹುದು. ಇಬ್ಬರು ಹಿರಿಯ ಪ್ರಾಧ್ಯಾಪಕರು ಮತ್ತು ಹೊರಗಿನ ಒಬ್ಬ ಗಣ್ಯರಿರುವ ಆಯ್ಕೆ ಸಮಿತಿಗೆ ಬೇಕಾದದ್ದು ಬೇರೆ: ಸೋಮವಾರ ಬೆಳಿಗ್ಗೆ ಅರವತ್ತು ವಿದ್ಯಾರ್ಥಿಗಳ ಮುಂದೆ ಈ ವ್ಯಕ್ತಿ ಏನು ಮಾಡಬಲ್ಲರು?

ಸ್ವವಿವರದ ಜೊತೆಗೆ, ಸಂಸ್ಥೆಗೆ ತಮ್ಮಿಂದ ಆಗಬಹುದಾದ ಪ್ರಯೋಜನವನ್ನು ಕುರಿತ ಕಿರು ಟಿಪ್ಪಣಿಯನ್ನೂ ಮಾರ್ಗಸೂಚಿ ಕೇಳುತ್ತದೆ. ಅರ್ಜಿಯ ಜೀವ ಇರುವುದು ಈ ಟಿಪ್ಪಣಿಯಲ್ಲಿ. ‘ನನ್ನ ಅಪಾರ ಅನುಭವವನ್ನು ಧಾರೆಯೆರೆಯುತ್ತೇನೆ’ ಎಂಬ ವಾಕ್ಯದಿಂದ ಸಮಿತಿಗೆ ಏನೂ ತಿಳಿಯದು. ಅದರ ಬದಲು, ಒಮ್ಮೆ ಗಿರಾಕಿ ತಿರಸ್ಕರಿಸಿ ಹಿಂದಿರುಗಿಸಿದ ಮಾಲಿನ ಕಥೆಯನ್ನೇ ಬರೆಯಬಹುದು. 50 ಮಿಲಿಮೀಟರ್ ರಂಧ್ರವಿರುವ ಅಲ್ಯೂಮಿನಿಯಂ ಬಿಡಿಭಾಗಗಳನ್ನು ಯಂತ್ರದಿಂದ ಇಳಿಸಿದ ಕೂಡಲೇ ಅಳೆದು ಸರಿಯೆಂದು ಕಳಿಸಲಾಗಿತ್ತು. ಮರುದಿನ ಗಿರಾಕಿ ಅಳೆದಾಗ ರಂಧ್ರ ಚಿಕ್ಕದಾಗಿತ್ತು ಎಂದಿಟ್ಟುಕೊಳ್ಳೋಣ. ಮೊದಲು ಬೈಸಿಕೊಂಡವನು ಆಪರೇಟರ್. ಆದರೆ ಅಲ್ಯೂಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಬಿಡಿಭಾಗ 20 ಡಿಗ್ರಿ ತಣಿದರೆ ಆ ರಂಧ್ರ ಸುಮಾರು 23 ಮೈಕ್ರಾನ್ ಕುಗ್ಗುತ್ತದೆ. ಬಿಗಿಯಾದ ಟಾಲರೆನ್ಸ್ ಇದ್ದಲ್ಲಿ ಇಡೀ ಮಾಲು ತಿರಸ್ಕೃತವಾಗಲು ಇಷ್ಟು ಸಾಕು. ಅಳತೆಗೆ 20 ಡಿಗ್ರಿಯನ್ನೇ ಪ್ರಮಾಣ ಉಷ್ಣತೆಯಾಗಿ ಏಕೆ ಇಟ್ಟುಕೊಂಡಿದ್ದಾರೆಂಬುದು ಪುಸ್ತಕದಲ್ಲಿ ಓದಿದ ವಿದ್ಯಾರ್ಥಿಗೆ ಅಂದು ಅರ್ಥವಾಗುತ್ತದೆ. ಇದೇ ಪ್ರಯೋಗವನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೂರು ಮಧ್ಯಾಹ್ನಗಳಲ್ಲಿ, ಇಪ್ಪತ್ತು ವಿದ್ಯಾರ್ಥಿಗಳಿಂದ ಮಾಡಿಸುವೆನೆಂದು ಬರೆದರೆ, ನೇಮಿಸಿಕೊಳ್ಳುವವರು ಪುಟ ತಿರುಗಿಸದೆ ಅಲ್ಲಿಯೇ ನಿಲ್ಲುತ್ತಾರೆ. ಟಿಪ್ಪಣಿ ಬರೆಯುವ ಮುನ್ನ ಆ ವಿಭಾಗದ ಪಠ್ಯಕ್ರಮವನ್ನು ತರಿಸಿ ಓದುವುದು ಅವಶ್ಯ. ಯಾವ ಸೆಮಿಸ್ಟರಿನ ಯಾವ ವಿಷಯಕ್ಕೆ ಇದು ಹೊಂದುತ್ತದೆಂಬುದನ್ನು ಅರ್ಜಿದಾರನೇ ತೋರಿಸಿಕೊಡಬೇಕು.

ಇಂಗ್ಲಿಷಿನ ಅಂಜಿಕೆಯಿಂದ ಹಿಂದೆ ಸರಿಯುವವರೂ ಇದ್ದಾರೆ. ಮಾದರಿ ಪಾಠದಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು, ಕೈಯಲ್ಲೊಂದು ಸವೆದ ಬೇರಿಂಗ್ ಹಿಡಿದು ಮಾತನಾಡುವವರಿಗೆ ವ್ಯಾಕರಣದ ತಪ್ಪು ದೊಡ್ಡ ಕೊರತೆಯಾಗಬಾರದು. ನಿಜವಾಗಿ ಕೆಡಿಸುವುದು ಮತ್ತೊಂದು ಆಸೆ: ಬೋಧನೆಯ ನೆಪದಲ್ಲಿ ಕಾಲೇಜಿಗೆ ಯಂತ್ರ ಮಾರುವ ಯೋಚನೆ. ಸಂದರ್ಶನದಲ್ಲಿ ಇದರ ವಾಸನೆ ಬಂದರೂ ಅರ್ಜಿ ಅಲ್ಲಿಗೆ ಮುಗಿಯಿತು.

ಕಾಲೇಜುಗಳ ಕಡೆಯಿಂದಲೂ ದೋಷವಿಲ್ಲದಿಲ್ಲ. ಮಾನ್ಯತೆಯ ತಪಾಸಣೆಗೆ ಬರುವವರಿಗೆ ತೋರಿಸಲೆಂದೇ ಉದ್ಯಮಿಯ ಹೆಸರನ್ನು ಪಟ್ಟಿಗೆ ಸೇರಿಸಿ, ವರ್ಷಕ್ಕೊಂದು ಭಾಷಣ ಮಾಡಿಸಿ ಶಾಲು ಹೊದಿಸುವ ಪ್ರವೃತ್ತಿಗೆ ಎಡೆ ಕೊಡಬಾರದು. ಆದುದರಿಂದ ಒಪ್ಪಿಗೆ ನೀಡುವ ಮೊದಲು ವೇಳಾಪಟ್ಟಿಯನ್ನು ಕೇಳಿ ಪಡೆಯಬೇಕು. ನೇಮಕ ಮೊದಲಿಗೆ ಒಂದು ವರ್ಷದವರೆಗೆ. ಒಟ್ಟು ಅವಧಿ ಮೂರು ವರ್ಷ, ವಿಶೇಷ ಸಂದರ್ಭದಲ್ಲಿ ಇನ್ನೊಂದು ವರ್ಷ. ವೆಚ್ಚವನ್ನು ಉದ್ಯಮ ಭರಿಸಬಹುದು, ಕಾಲೇಜು ಭರಿಸಬಹುದು ಅಥವಾ ಸೇವೆ ಗೌರವಾರ್ಥವಾಗಿರಬಹುದು. ಈ ಮೂರರಲ್ಲಿ ತನ್ನದು ಯಾವುದು, ವಾರಕ್ಕೆ ಎಷ್ಟು ಗಂಟೆ, ಪ್ರಯೋಗಶಾಲೆಯ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನು ನೇಮಕ ಪತ್ರದಲ್ಲಿಯೇ ಬರೆಸಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ.